ಚಕ್ರಬಡ್ಡಿ ಬಲ್ಲವರು ಕರೆಂಟು ಬಿಲ್ಲು ಓದಲಾರರೆ?

ಕಳೆದ ರಾಜ್ಯೋತ್ಸವದ ಸಂಜೆ ನಾವೆಲ್ಲ ಒಂದು ಸಭಾಗೃಹದಲ್ಲಿ ಸೇರಿದ್ದೆವು. ನಾಡಗೀತೆ ಆಯಿತು, ಮಕ್ಕಳ ಕೋಲಾಟ ಆಯಿತು, ಅತಿಥಿಗಳ ಭಾಷಣವೂ ಆಯಿತು. ಅತಿಥಿಗಳು ಚೆನ್ನಾಗಿಯೇ ಮಾತಾಡಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದು, ಎಲ್ಲವನ್ನೂ ನೆನಪಿಸಿದರು. ಒಂದು ಜನಾಂಗ ತಲೆಗೆ ಎಷ್ಟು ವಿದ್ಯುತ್ತು ಬಳಸುತ್ತದೆ ಎಂಬುದೇ ಅದರ ನಾಗರಿಕತೆಯ ಅಳತೆಗೋಲು ಎಂದು ಮಾತು ಮುಗಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಉಪ್ಪಿಟ್ಟು-ಶಿರಾ ಹಂಚುವಾಗ ತರುಣರೊಬ್ಬರು ಒಂದು ಮನವಿಪತ್ರ ಹಿಡಿದುಕೊಂಡು ಬಂದರು. ಶರಾವತಿ ಕಣಿವೆಯಲ್ಲಿ ಹೊಸ ವಿದ್ಯುತ್ ಯೋಜನೆ ಬೇಡ, ಸಿಂಗಳೀಕಗಳ ಕಾಡು ಉಳಿಯಲಿ ಎಂದು ಅದರಲ್ಲಿ ಬರೆದಿತ್ತು. ಅದಕ್ಕೂ ನಾವು ಸಹಿ ಹಾಕಿದೆವು. ಹೊರಗೆ ನವೆಂಬರ್ ತಿಂಗಳ ಪುಣೆಯ ತಂಗಾಳಿ ಬೀಸುತ್ತಿತ್ತು. ಒಳಗೆ ಕಿಟಕಿ ಬಾಗಿಲು ಮುಚ್ಚಿ ಆರು ಏ.ಸಿ. ಯಂತ್ರಗಳನ್ನು ಓಡಿಸಲಾಗಿತ್ತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯಂದಿರು ಶಾಲು ಹೊದ್ದುಕೊಂಡು ಕುಳಿತಿದ್ದರು.

ಚಪ್ಪಾಳೆ ತಟ್ಟಿದ ಕೈಯೂ ನಮ್ಮದೇ, ಸಹಿ ಹಾಕಿದ ಕೈಯೂ ನಮ್ಮದೇ. ಎರಡೂ ಒಟ್ಟಿಗೆ ನಿಜವಾಗಿರಲಾರವು ಎಂಬುದು ಆ ಸಂಜೆ ನಮಗಾರಿಗೂ ಹೊಳೆಯಲಿಲ್ಲ. ಏಕೆ ಹೊಳೆಯಲಿಲ್ಲವೆಂದರೆ, ಬ್ಯಾಂಕಿನ ಬಡ್ಡಿಯಲ್ಲಿ ಎಂಟಾಣೆ ತಪ್ಪಿದರೂ ಮ್ಯಾನೇಜರರ ಮೇಜಿನ ಮುಂದೆ ನಿಲ್ಲುವ ನಾವು, ತಿಂಗಳು ತಿಂಗಳು ಮನೆಗೆ ಬರುವ ಕರೆಂಟು ಬಿಲ್ಲಿನಲ್ಲಿ ರೂಪಾಯಿಯನ್ನು ಮಾತ್ರ ನೋಡುತ್ತೇವೆ. ಅದರ ಪಕ್ಕದಲ್ಲಿರುವ ಯೂನಿಟ್ಟನ್ನು ನೋಡುವುದಿಲ್ಲ. ನಮ್ಮ ತಕರಾರು ಆ ಅತಿಥಿಗಳ ಮೇಲಲ್ಲ, ನಮ್ಮ ಮೇಲೆಯೇ.

ಯೂನಿಟ್ ಎಂದರೇನು? ಬಿ.ಎಸ್‌ಸಿ. ಪಾಸಾದವರೂ ಪರೀಕ್ಷೆಯ ಮರುದಿನವೇ ಮರೆಯುವ ಪಾಠ ಇದು. ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ. ಕಿಲೋವ್ಯಾಟ್ ಎಂಬುದು ನಲ್ಲಿಯಿಂದ ಬೀಳುವ ಧಾರೆಯ ದಪ್ಪ ಇದ್ದಂತೆ. ಯೂನಿಟ್ ಎಂಬುದು ಕೆಳಗಿಟ್ಟ ಬಕೆಟ್ಟಿನಲ್ಲಿ ತುಂಬಿದ ನೀರು ಇದ್ದಂತೆ. ಸಾವಿರ ವ್ಯಾಟಿನ, ಅಂದರೆ ಒಂದು ಕಿಲೋವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ತಾಸು ಕಾದರೆ ಒಂದು ಯೂನಿಟ್. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ತಾಸಿನಲ್ಲಿಯೇ ಅಷ್ಟನ್ನು ಕುಡಿಯುತ್ತದೆ. ಸೊಸೈಟಿಯ ಸಭೆಯಲ್ಲಿ ‘ನಮ್ಮ ಲೋಡು ಇಷ್ಟು ಯೂನಿಟ್’ ಎನ್ನುವವರು, ‘ನನ್ನ ಸ್ಕೂಟರ್ ಗಂಟೆಗೆ ನಲವತ್ತು ಲೀಟರ್ ವೇಗದಲ್ಲಿ ಓಡುತ್ತದೆ’ ಎಂದಂತೆ ಮಾತಾಡುತ್ತಿರುತ್ತಾರೆ.

ಇನ್ನು ಆ ಯೂನಿಟ್ಟಿನ ತೂಕ ಎಷ್ಟು? ಸುಮಾರು ನೂರು ಗ್ರಾಂ ತೂಗುವ ಒಂದು ದೊಡ್ಡ ನಿಂಬೆಹಣ್ಣನ್ನು ಒಂದು ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿಗೆ ಒಂದು ಜೂಲ್ ಎನ್ನುತ್ತಾರೆ. ಒಂದು ಯೂನಿಟ್ ಎಂದರೆ ಇಂಥ 36 ಲಕ್ಷ ಜೂಲ್. ಲಕ್ಷ ಎಂದರೆ ತಲೆಗೆ ಹತ್ತದು. ಆದ್ದರಿಂದ ಊರಿನ ಬಾವಿಗೆ ಹೋಗೋಣ. ಬಾವಿ ಹತ್ತು ಮೀಟರ್ ಆಳ, ಅಂದರೆ ಮೂವತ್ತಮೂರು ಅಡಿ. ಕೊಡದಲ್ಲಿ ಹತ್ತು ಲೀಟರ್ ನೀರು. ಒಂದು ಕೊಡ ಸೇದಿದರೆ ಸುಮಾರು 980 ಜೂಲ್ ಕೆಲಸವಾಯಿತು. 36 ಲಕ್ಷವನ್ನು 980ರಿಂದ ಭಾಗಿಸಿ ನೋಡಿ: ಸುಮಾರು 3,670 ಕೊಡ! ನಮ್ಮ ತಾಯಂದಿರು ದಿನಕ್ಕೆ ಮೂವತ್ತು ಕೊಡ ಸೇದಿದರೂ ಒಂದು ಯೂನಿಟ್ಟಿನ ಕೆಲಸ ಮುಗಿಸಲು ನಾಲ್ಕು ತಿಂಗಳು ರಟ್ಟೆ ನೋಯಿಸಿಕೊಳ್ಳಬೇಕಿತ್ತು. ಅದನ್ನು ನಾವು ಹೆಚ್ಚು ಕಡಿಮೆ ಒಂದು ಕಪ್ಪು ಚಹಾದ ದುಡ್ಡಿಗೆ ಕೊಳ್ಳುತ್ತೇವೆ. ರಾಜ್ಯೋತ್ಸವದ ಆ ಆರು ಏ.ಸಿ.ಗಳು ತಲಾ ಎರಡು ಕಿಲೋವ್ಯಾಟಿನಂತೆ ಮೂರು ತಾಸು ಓಡಿದವು ಎಂದಿಟ್ಟುಕೊಂಡರೆ 36 ಯೂನಿಟ್. ಅಂದರೆ 1,32,000 ಕೊಡ. ಅಜ್ಜಿಯಂದಿರಿಗೆ ಚಳಿ ಹತ್ತಿಸಲು!

ಇನ್ನೊಂದು ರೀತಿಯಿಂದಲೂ ಅಳೆಯಬಹುದು. ಗಟ್ಟಿಮುಟ್ಟಾದ ಆಳು ಎಂಟು ತಾಸು ಬೆವರು ಸುರಿಸಿ ದುಡಿದರೆ ಸುಮಾರು 0.6 ಯೂನಿಟ್ ಕೆಲಸ ಮಾಡುತ್ತಾನೆ. ತಿಂಗಳಿಗೆ 300 ಯೂನಿಟ್ ಬಳಸುವ ಮನೆ ದಿನಕ್ಕೆ ಹತ್ತು ಯೂನಿಟ್ ಬಳಸಿದಂತಾಯಿತು. ಆ ಮನೆಯಲ್ಲಿ ಹದಿನಾರು ಹದಿನೇಳು ಆಳುಗಳು ದಿನವೂ ದುಡಿಯುತ್ತಿದ್ದಾರೆ ಎಂದರ್ಥ. ಹಿಂದಿನ ದೇಸಾಯರ ವಾಡೆಯಲ್ಲಿಯೂ ಇಷ್ಟು ಆಳು ಎಲ್ಲರಿಗೂ ಇರಲಿಲ್ಲ. ನಮ್ಮ ಆಳುಗಳು ಕಣ್ಣಿಗೆ ಕಾಣಿಸುವುದಿಲ್ಲ, ಅಷ್ಟೆ. ಕಾಣದ ಆಳಿಗೆ ಊಟ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಊಟ ಬರುವುದು ಎರಡು ಮೂರು ಕಡೆಗಳಿಂದ. ನಮ್ಮ ದೇಶದ ವಿದ್ಯುತ್ತಿನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕಲ್ಲಿದ್ದಲಿನದು. ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. 300 ಯೂನಿಟ್ಟಿನ ಮನೆಗೆ ತಿಂಗಳಿಗೆ 210 ಕಿಲೋ, ನಾಲ್ಕು ಗೋಣಿಚೀಲ ಮೀರುತ್ತದೆ. ನೀರಿನಿಂದ ಬರುವ ವಿದ್ಯುತ್ತನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ಪುಣೆಯ ಪಕ್ಕದಲ್ಲಿಯೇ ಮುಳಶಿ ಇದೆ. ಅಲ್ಲಿಯ ನೀರು ಘಟ್ಟದಿಂದ ಕೆಳಗೆ ಸುಮಾರು 500 ಮೀಟರ್ ಬಿದ್ದು ಕೊಂಕಣದ ಭೀರಾದಲ್ಲಿ ಚಕ್ರ ತಿರುಗಿಸುತ್ತದೆ. ಇಷ್ಟು ಎತ್ತರದಿಂದ ಬಿದ್ದರೂ ಒಂದು ಯೂನಿಟ್ಟಿಗೆ, ಯಂತ್ರದ ನಷ್ಟ ಹಿಡಿದು, 800 ಲೀಟರಿಗೂ ಹೆಚ್ಚು ನೀರು ಬೇಕು. ಬೇಸಿಗೆಯಲ್ಲಿ ನಮ್ಮ ಸೊಸೈಟಿಗಳು ಹಣ ತೆತ್ತು ತರಿಸುವ ಹತ್ತು ಸಾವಿರ ಲೀಟರಿನ ಟ್ಯಾಂಕರನ್ನು ಘಟ್ಟದ ಮೇಲಿಂದ ಸುರಿದರೆ ಸಿಗುವುದು ಹನ್ನೆರಡು ಯೂನಿಟ್. ಒಂದು ಟ್ಯಾಂಕರ್ ನೀರು, ಒಂದು ಮನೆಯ ಒಂದೂಕಾಲು ದಿನದ ಕರೆಂಟು!

ಆ ಮುಳಶಿಯ ನೀರು ಸುಮ್ಮನೆ ನಿಂತದ್ದಲ್ಲ. ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು ಒದಗಿಸಲು ಟಾಟಾ ಕಂಪನಿ ಅಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ, ಬತ್ತದ ಗದ್ದೆ ಕಳೆದುಕೊಳ್ಳಲಿದ್ದ ಮಾವಳದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಮುಂದಾಳಾಗಿದ್ದವರು ಪಾಂಡುರಂಗ ಮಹಾದೇವ ಬಾಪಟರು. ‘ಸೇನಾಪತಿ’ ಎಂಬ ಬಿರುದು ಅವರಿಗೆ ಬಂದದ್ದೇ ಆ ಹೋರಾಟದಿಂದ. ಜನ ಸೆರೆಮನೆಗೆ ಹೋದರು. 1924ರ ಹೊತ್ತಿಗೆ ಹೋರಾಟ ಸೋತಿತು, ಹಳ್ಳಿಗಳು ಮುಳುಗಿದವು, 1927ರಲ್ಲಿ ಭೀರಾದಲ್ಲಿ ವಿದ್ಯುತ್ತು ಹುಟ್ಟಿತು. ಇಂದು ಪುಣೆಯ ಸೇನಾಪತಿ ಬಾಪಟ ರಸ್ತೆಯಲ್ಲಿ ನಿಂತು ಸುತ್ತ ನೋಡಿ. ಮಾಲುಗಳು, ಗಾಜಿನ ಕಟ್ಟಡಗಳು, ಅವುಗಳ ಬೆನ್ನಿಗೆ ಸಾಲು ಸಾಲು ಏ.ಸಿ. ಪೆಟ್ಟಿಗೆಗಳು. ಹೆಸರು ಉಳಿದಿದೆ, ಅವರು ಕೇಳಿದ ಪ್ರಶ್ನೆ ಉಳಿದಿಲ್ಲ.

ಈಗ ಚಕ್ರಬಡ್ಡಿಗೆ ಬರೋಣ. ಇದರಲ್ಲಿ ನಾವು ಪಂಡಿತರು. ಅಂಚೆ ಕಚೇರಿಯ ಕಿಸಾನ್ ವಿಕಾಸ್ ಪತ್ರ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? 2023ರ ಏಪ್ರಿಲಿನಲ್ಲಿ ಅದರ ಬಡ್ಡಿಯನ್ನು ಶೇ. 7.5ಕ್ಕೆ ಏರಿಸಿ, 115 ತಿಂಗಳಲ್ಲಿ ಹಣ ಇಮ್ಮಡಿ ಎಂದು ಸಾರಿದರು. ಕೈಲೆಕ್ಕದ ಸೂತ್ರವೂ ನಮಗೆ ಬಾಯಿಪಾಠ: 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ವರ್ಷಗಳು ಸಿಗುತ್ತವೆ. 72 ಭಾಗಿಸು 7.5 ಎಂದರೆ 9.6 ವರ್ಷ, ಸರಿಯಾಗಿ 115 ತಿಂಗಳು. ಮಗಳ ಮದುವೆಗೆ, ಮಗನ ಇಂಜಿನಿಯರಿಂಗಿಗೆ ಈ ಲೆಕ್ಕವನ್ನು ನಾವು ಬೆರಳಿನ ಮೇಲೆ ಮಾಡುತ್ತೇವೆ.

ಅದೇ ಬೆರಳನ್ನು ಇನ್ನೊಂದು ಖಾತೆಯ ಮೇಲಿಡೋಣ. 1947ರಲ್ಲಿ ನಮ್ಮ ದೇಶದ ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ 1,362 ಮೆಗಾವ್ಯಾಟ್. 2024ರ ಮಾರ್ಚ್ ಕೊನೆಗೆ ಅದು ಸುಮಾರು 4,42,000 ಮೆಗಾವ್ಯಾಟ್. 77 ವರ್ಷಗಳಲ್ಲಿ 324 ಪಟ್ಟು! 1,362ನ್ನು ಇಮ್ಮಡಿಸುತ್ತ ಹೋಗಿ: 2,724, 5,448, 10,896, ಹೀಗೆ ಎಂಟು ಸಲ ಇಮ್ಮಡಿಸಿದರೆ 3,48,672 ಆಗುತ್ತದೆ, ಮೇಲೆ ಇನ್ನೂ ಸ್ವಲ್ಪ. ಒಂದೊಂದು ದಶಕದ ವೇಗ ಒಂದೊಂದು ಬಗೆ; ಸರಾಸರಿ ತೆಗೆದರೆ ಒಂಬತ್ತು ವರ್ಷ ಮೂರು ತಿಂಗಳಿಗೊಮ್ಮೆ ಇಮ್ಮಡಿ. ಅಂದರೆ ಕಿಸಾನ್ ವಿಕಾಸ್ ಪತ್ರಕ್ಕಿಂತ ನಾಲ್ಕು ತಿಂಗಳು ಮುಂಚೆಯೇ! ಬಡ್ಡಿ ನಮ್ಮ ಕಡೆಗೆ ಬರುವಾಗ ಚಕ್ರಬಡ್ಡಿ ಕಾಣುತ್ತದೆ. ನಾವೇ ಸಾಲಗಾರರಾಗಿರುವ ಖಾತೆಯಲ್ಲಿ ಅದನ್ನು ‘ಪ್ರಗತಿ’ ಎಂದು ಕರೆದು ಚಪ್ಪಾಳೆ ತಟ್ಟುತ್ತೇವೆ.

ಇಮ್ಮಡಿಯಾಗುವುದಕ್ಕೆ ಒಂದು ವಿಚಿತ್ರ ಗುಣವಿದೆ. ಒಂದು, ಎರಡು, ನಾಲ್ಕು ಕೂಡಿದರೆ ಏಳು. ಮುಂದಿನ ಸಂಖ್ಯೆ ಎಂಟು. ಹಿಂದಿನದೆಲ್ಲ ಕೂಡಿದರೂ ಮುಂದಿನದಕ್ಕೆ ಸಾಟಿಯಾಗದು. ಬಳಕೆ ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಹೋದರೆ ಬರುವ ಹತ್ತು ವರ್ಷಗಳಲ್ಲಿ ನಾವು ಬಳಸುವುದು, ಇದುವರೆಗೆ ನಮ್ಮ ಅಪ್ಪ-ಅಜ್ಜಂದಿರೂ ನಾವೂ ಸೇರಿ ಬಳಸಿದ್ದಕ್ಕೆ ಸರಿಸಮ.

‘ಕಲ್ಲಿದ್ದಲು ನೂರು ವರ್ಷಕ್ಕೆ ಸಾಕು, ಚಿಂತೆ ಏಕೆ?’ ಎನ್ನುವವರಿಗೆ ಇದೇ ಉತ್ತರ. ‘ಈಗ ಬಳಸುವಷ್ಟೇ ಬಳಸಿದರೆ’ ಎಂಬ ಷರತ್ತು ಆ ಮಾತಿನ ಬಾಲದಲ್ಲಿ ಇರುತ್ತದೆ. ಭಾಷಣಕಾರರು ಅದನ್ನು ನುಂಗುತ್ತಾರೆ. ನೂರು ವರ್ಷಕ್ಕೆ ಸಾಲುವ ಯಾವ ದಾಸ್ತಾನೇ ಆಗಲಿ, ಬಳಕೆ ವರ್ಷಕ್ಕೆ ಶೇ. 7ರಂತೆ ಬೆಳೆದರೆ ಮೂವತ್ತೊಂದು ವರ್ಷ ತುಂಬುವುದರೊಳಗೆ ಮುಗಿಯುತ್ತದೆ. ದೇವರ ದಯೆಯಿಂದ ಅಷ್ಟೇ ದೊಡ್ಡ ಇನ್ನೊಂದು ದಾಸ್ತಾನು ಸಿಕ್ಕಿತು ಎನ್ನಿ. ಆಗಲೂ ನಲವತ್ತು ವರ್ಷಕ್ಕೆ ತಳ ಕಾಣುತ್ತದೆ. ನೂರು ವರ್ಷದ ಹೊಸ ಗಂಟು ಒಂಬತ್ತು ಹತ್ತು ವರ್ಷವನ್ನಷ್ಟೇ ಕೊಳ್ಳುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದರು ಹಿರಿಯರು. ಪ್ರತಿವರ್ಷ ತುತ್ತು ಹಿಗ್ಗಿಸುತ್ತ ಉಣ್ಣುವವನಿಗೆ ಎರಡು ಕುಡಿಕೆಯೂ ಸಾಲದು.

ಈಗ ಆ ಮನವಿಪತ್ರಕ್ಕೆ ಮರಳೋಣ. ಶರಾವತಿಯಲ್ಲಿ ಹೊರಟಿರುವುದು 2,000 ಮೆಗಾವ್ಯಾಟಿನ ಯೋಜನೆ. ಬೇಡಿಕೆ ಕಡಿಮೆಯಿದ್ದಾಗ ಕೆಳಗಿನ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ತು ತೆಗೆಯುವುದು. ಬಾವಿಯ ಲೆಕ್ಕ ಬಲ್ಲವರಿಗೆ ಇದು ಸುಲಭ: ಇದು ಶಕ್ತಿಯ ಗಣಿಯಲ್ಲ, ಉಗ್ರಾಣ. ಇಂಥ ಉಗ್ರಾಣಕ್ಕೆ ನೂರು ಯೂನಿಟ್ ಹಾಕಿದರೆ ಎಪ್ಪತ್ತೈದು, ಎಂಬತ್ತು ಯೂನಿಟ್ ಮರಳಿ ಸಿಗುತ್ತದೆ. ಉಳಿದದ್ದು ದಾರಿಯಲ್ಲಿ ಸೋರುತ್ತದೆ. ಹಗಲು ಬಿಸಿಲಿನಿಂದ ಬಂದ ವಿದ್ಯುತ್ತನ್ನು ಸಂಜೆಗೆ ಕಾಯ್ದಿಡಲು ಉಗ್ರಾಣಗಳು ಬೇಕು ಎಂಬ ಇಂಜಿನಿಯರರ ವಾದದಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ನಾವು ಕೇಳುವುದು ಬೇರೆ. 2024ರ ಏಪ್ರಿಲಿನಿಂದ 2025ರ ಮಾರ್ಚಿನವರೆಗೆ ದೇಶದ ಸಾಮರ್ಥ್ಯಕ್ಕೆ ಹೊಸದಾಗಿ ಕೂಡಿದ್ದು ಸುಮಾರು 33,000 ಮೆಗಾವ್ಯಾಟ್. ದಿನಕ್ಕೆ 90 ಮೆಗಾವ್ಯಾಟ್. ಹಾಗಾದರೆ 2,000 ಮೆಗಾವ್ಯಾಟ್ ಎಂದರೆ ಎಷ್ಟು ದಿನದ ಬೆಳವಣಿಗೆ? ಇಪ್ಪತ್ತೆರಡು ದಿನದ್ದು! ಶರಾವತಿಯ ಕಾಡನ್ನು ಕೊಟ್ಟು ನಾವು ಕೊಳ್ಳುವುದು ಮೂರು ವಾರ. ಇಪ್ಪತ್ಮೂರನೆಯ ದಿನ ಇನ್ನೊಂದು ಕಣಿವೆಯ ಬಾಗಿಲು ತಟ್ಟಬೇಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಅಡಿಕೆ ತೋಟ, ದೇವರ ಗುಡಿ ಬಿಟ್ಟು ಎದ್ದುಬಂದವರ ಮಕ್ಕಳು ಮೊಮ್ಮಕ್ಕಳು, ತಾವು ನೆಲೆನಿಂತ ಭೂಮಿಯ ಹಕ್ಕುಪತ್ರಕ್ಕಾಗಿ ಆರು ದಶಕ ಅಲೆದಿದ್ದಾರೆ. ನಾಡಿಗೆ ಬೆಳಕು ಕೊಟ್ಟವರು ಅವರು. ಅವರ ಲೆಕ್ಕ ಮುಗಿಯುವ ಮೊದಲೇ ಅದೇ ನದಿಯ ಬಳಿ ಮತ್ತೆ ಕೈಚಾಚಿದ್ದೇವೆ. 2025ರಲ್ಲಿ ಆ ಕಣಿವೆಯ ಜನ ಬೀದಿಗಿಳಿದು ಬೇಡ ಎಂದಾಗ ಅವರಿಗೆ ನಾವು ಪುಣೆಯಿಂದ ಕಳಿಸಿದ್ದು ಒಂದು ಸಹಿ. ಆ ಸಹಿಯ ಬೆಲೆ ಎಷ್ಟು?

ನಮ್ಮ ಸ್ನೇಹಿತರು ಎತ್ತುವ ಆಕ್ಷೇಪಗಳು ನಮಗೆ ಗೊತ್ತು. ಒಬ್ಬರು ಹೇಳುತ್ತಾರೆ: ‘ಶಕ್ತಿಗೆ ನಾಶವಿಲ್ಲ ಎಂದು ನೀವೇ ಓದಿದವರು, ಅದು ಮುಗಿಯುವುದೆಂತು?’ ಸರಿಯೇ. ಬಚ್ಚಲಲ್ಲಿ ಕಾಯಿಸಿಟ್ಟ ನೀರು ಆರಿದರೆ ಅದರ ಶಾಖ ನಾಶವಾಗಲಿಲ್ಲ, ಬಚ್ಚಲಿನ ಗಾಳಿಗೆ ಸೇರಿತು. ಆದರೆ ಆ ಗಾಳಿಯಿಂದ ಒಂದು ಕಪ್ಪು ಚಹಾ ಕಾಸಿಕೊಡಿ ನೋಡೋಣ! ಶಕ್ತಿ ಉಳಿಯುತ್ತದೆ, ಕೆಲಸಕ್ಕೆ ಬರುವ ಗುಣ ಕಳೆಯುತ್ತದೆ. ಏ.ಸಿ. ನಮ್ಮ ಕೋಣೆಯ ಸೆಕೆಯನ್ನು ಕೊಲ್ಲುವುದಿಲ್ಲ, ತನ್ನದನ್ನೂ ಸೇರಿಸಿ ಪಕ್ಕದವರ ಕಿಟಕಿಗೆ ಸುರಿಯುತ್ತದೆ. ಆಗ ಪಕ್ಕದವರೂ ಒಂದು ಏ.ಸಿ. ತರುತ್ತಾರೆ.

ಇನ್ನೊಬ್ಬರು: ‘ಎಲ್‌ಇಡಿ ಹಾಕಿದ್ದೇವೆ, ಐದು ನಕ್ಷತ್ರದ ಫ್ರಿಜ್ಜು ತಂದಿದ್ದೇವೆ.’ ಒಳ್ಳೆಯ ಕೆಲಸ. 60 ವ್ಯಾಟಿನ ಬಲ್ಬಿನ ಜಾಗದಲ್ಲಿ 9 ವ್ಯಾಟಿನದು ಬಂತು. ಆದರೆ ಉಳಿತಾಯ ಒಂದು ಸಲದ್ದು, ಬೆಳವಣಿಗೆ ವರ್ಷ ವರ್ಷದ್ದು. ಶೇ. 20 ಉಳಿಸಿ, ಬಳಿಕ ಮತ್ತೆ ಶೇ. 7ರಂತೆ ಬೆಳೆದರೆ, ಮೂರೂಕಾಲು ವರ್ಷಕ್ಕೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತೇವೆ. ಬಲ್ಬಿನಲ್ಲಿ ಉಳಿಸಿದ್ದನ್ನು ಎರಡನೆಯ ಏ.ಸಿ.ಗೆ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಮೂರನೆಯವರು: ‘ಟೆರೇಸಿನ ಮೇಲೆ ಸೋಲಾರ್ ಹಾಕಿಸೋಣ, ಬಿಸಿಲು ಪುಕ್ಕಟೆ.’ ಹಾಕಿಸೋಣ, ಅವಶ್ಯ ಹಾಕಿಸೋಣ. ಆದರೆ ಲೆಕ್ಕವನ್ನೂ ಹಾಕೋಣ. ಒಂದು ಕಿಲೋವ್ಯಾಟಿನ ಹಲಗೆಗಳಿಗೆ ಸುಮಾರು ನೂರು ಚದರಡಿ ಜಾಗ ಬೇಕು. ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಸಿಗುತ್ತದೆ. 64 ಮನೆಗಳ ಸೊಸೈಟಿಯಲ್ಲಿ ನೀರಿನ ಟಾಕಿ ಬಿಟ್ಟು 6,000 ಚದರಡಿ ಟೆರೇಸು ಇದ್ದರೆ ದಿನಕ್ಕೆ 240 ಯೂನಿಟ್. ಮನೆಗೆ ನಾಲ್ಕಕ್ಕೂ ಕಡಿಮೆ. ದಿನಕ್ಕೆ ಹತ್ತು ಯೂನಿಟ್ ಸುಡುವ ಮನೆಗೆ ಅದು ಅರ್ಧವೂ ಅಲ್ಲ. ಹತ್ತು ವರ್ಷದ ಮೇಲೆ ಬಳಕೆ ಇಮ್ಮಡಿಯಾದರೆ ಟೆರೇಸು ಇಮ್ಮಡಿಯಾಗುತ್ತದೆಯೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಲ್ಲಿ ಹಾಸಿಗೆ ಎಂದರೆ ಈಗ ಆ ಟೆರೇಸು.

ನಾಲ್ಕನೆಯ ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ತಲೆಬಾಗಲೇಬೇಕು. ‘ನಮ್ಮದು ಬಡದೇಶ, ಬಡವನಿಗೆ ದೀಪ ಬೇಡವೆ?’ ಬೇಕು. 1947ರಲ್ಲಿ ತಲೆಗೆ ವರ್ಷಕ್ಕೆ 16 ಯೂನಿಟ್ ಇದ್ದದ್ದು 2023-24ರಲ್ಲಿ 1,395 ಆಯಿತು. ಅದರಿಂದ ಎಷ್ಟೋ ಮನೆಯ ಕತ್ತಲೆ ಹೋಯಿತು, ಎಷ್ಟೋ ಹೊಲಕ್ಕೆ ನೀರು ಬಂತು. ಅತಿಥಿಗಳ ಅಳತೆಗೋಲು ಅಲ್ಲಿಯವರೆಗೆ ಸರಿ. ಆದರೆ ಆ 1,395ರಲ್ಲಿ ಕಾರ್ಖಾನೆ, ಪಂಪ್‌ಸೆಟ್ಟು, ರೈಲು ಎಲ್ಲವೂ ಸೇರಿವೆ. ಮನೆಗಳ ಪಾಲು ಸುಮಾರು ಕಾಲುಭಾಗ, ಅಂದರೆ ತಲೆಗೆ 350 ಯೂನಿಟ್. ನಾಲ್ಕು ಜನರ 300 ಯೂನಿಟ್ಟಿನ ಮನೆಯಲ್ಲಿ ತಲೆಗೆ ವರ್ಷಕ್ಕೆ 900. ಆದ್ದರಿಂದ ಬಡವನ ಹೆಸರಿನಲ್ಲಿ ನಾವು ಮಾತಾಡುವುದು ಬೇಡ. ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರು ಪಂಪ್‌ಸೆಟ್ಟಿಗೆ ಕರೆಂಟು ಬರುವ ತಾಸು ನೋಡಿ ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಾರೆ. ಅವರ ಪಾಲು ಬೆಳೆಯಲೆಂದೇ ನಮ್ಮ ಪಾಲು ನಿಲ್ಲಬೇಕು.

ಈ ಓಟ ಹೇಗೂ ನಿಲ್ಲುತ್ತದೆ. ಕಳೆದ 77 ವರ್ಷದಂತೆಯೇ ಮುಂದಿನ 77 ವರ್ಷವೂ ಬೆಳೆದರೆ ದೇಶದ ಸಾಮರ್ಥ್ಯ 14 ಕೋಟಿ ಮೆಗಾವ್ಯಾಟ್ ದಾಟಬೇಕು. ಇಡೀ ಜಗತ್ತು ಇಂದು ಎಣ್ಣೆ, ಕಲ್ಲಿದ್ದಲು, ಅನಿಲ ಎಲ್ಲ ಸೇರಿಸಿ ಬಳಸುತ್ತಿರುವುದು ಸುಮಾರು 2 ಕೋಟಿ ಮೆಗಾವ್ಯಾಟಿನಷ್ಟು. ಅದರ ಏಳು ಪಟ್ಟು ಒಂದೇ ದೇಶಕ್ಕೆ ಎಲ್ಲಿಂದ ಬಂದೀತು? ಆದ್ದರಿಂದ ನಿಲ್ಲುವುದೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ನಾವೇ ನಿಲ್ಲಿಸುತ್ತೇವೆಯೋ, ಅಥವಾ ಇನ್ನಷ್ಟು ಮುಳಶಿ, ಇನ್ನಷ್ಟು ಶರಾವತಿಗಳನ್ನು ತಿಂದ ಮೇಲೆ ತಾನಾಗಿ ನಿಲ್ಲುತ್ತದೆಯೋ ಎಂಬುದೇ ಪ್ರಶ್ನೆ.

‘ಬಿಲ್ಲು ಕಟ್ಟುವವರು ನಾವು, ಕೇಳಲು ನೀವಾರು?’ ಎಂಬುದು ಕೊನೆಯ ಮಾತು. ಬಿಲ್ಲಿನಲ್ಲಿ ಕಲ್ಲಿದ್ದಲಿನ ಬೆಲೆ ಇದೆ, ತಂತಿಯ ಬೆಲೆ ಇದೆ. ಮುಳುಗಿದ ಹಳ್ಳಿಯ ಬೆಲೆ ಯಾವ ಕಾಲಮ್ಮಿನಲ್ಲಿದೆ ತೋರಿಸಿ.

ದೊಡ್ಡ ದೊಡ್ಡ ಠರಾವು ನಮಗೆ ಬೇಡ. ಮೂರು ಸಣ್ಣ ಕೆಲಸ ಸಾಕು. ಮೊದಲನೆಯದು, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವಂತೆ ತಿಂಗಳ ಯೂನಿಟ್ಟನ್ನೂ ಬರೆಯೋಣ. ಹೋದ ವರ್ಷದ ಅದೇ ತಿಂಗಳಿಗಿಂತ ಹೆಚ್ಚಾಗದಂತೆ ನೋಡೋಣ. ಹೊಸ ಯಂತ್ರ ಮನೆಗೆ ಬರುವುದಾದರೆ ಬೇರೊಂದು ಬಳಕೆ ತಗ್ಗಬೇಕು. ಎರಡನೆಯದು, ಸಂಘ ಸಂಸ್ಥೆಗಳು ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಜೊತೆಗೆ ಯೂನಿಟ್ಟಿನ ಲೆಕ್ಕವನ್ನೂ ಅಚ್ಚು ಹಾಕಲಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಸಭೆಗಳಲ್ಲಿ ಏ.ಸಿ. ಮುಚ್ಚಿ ಕಿಟಕಿ ತೆರೆಯಲಿ. ಮೂರನೆಯದು, ಮಕ್ಕಳ ಕನ್ನಡ ತರಗತಿಯಲ್ಲಿ ಒಂದು ರವಿವಾರ ಬಾವಿ ಮತ್ತು ಕೊಡದ ಲೆಕ್ಕ ಮಾಡಿಸೋಣ. ಗಣಿತವೂ ಬಂತು, ಊರೂ ನೆನಪಾಯಿತು.

ಆ ಮನವಿಪತ್ರ ಮತ್ತೆ ಬರುತ್ತದೆ. ಶರಾವತಿಯದಲ್ಲದಿದ್ದರೆ ಇನ್ನೊಂದು ಕಣಿವೆಯದು. ಆಗಲೂ ನಾವು ಸಹಿ ಹಾಕೋಣ. ಆದರೆ ಈ ಸಲ ಹೆಸರಿನ ಮುಂದೆ ನಮ್ಮ ಮನೆಯ ಹೋದ ವರ್ಷದ ಯೂನಿಟ್ ಎಷ್ಟು, ಈ ವರ್ಷದ್ದು ಎಷ್ಟು ಎಂಬ ಎರಡು ಅಂಕಿಗಳನ್ನೂ ಬರೆಯೋಣ. ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕದಾಗಿದ್ದರೆ ಕಣಿವೆಯ ಜನ ನಮ್ಮ ಸಹಿಯನ್ನು ನಂಬಿಯಾರು.